ಈ ಸೀಸನ್ ನಮ್ಮ ಕಾಲೇಜು ಹಾಕಿ ತಂಡದ ಡಿಫೆನ್ಸ್: ಬೈಯಬೇಕಾದ್ದು ಬ್ಯಾಕ್‌ಗಳನ್ನಲ್ಲ

ಹಳೇ ರೈಟ್‌ಹಾಫ್:

ಮೊನ್ನೆ ಮೈಸೂರಿನ ಪಂದ್ಯ ನೋಡಿದವರು ಇಲ್ಲಿ ಸುಮಾರು ಜನ ಇದ್ದೀರಿ. 5-2ರಲ್ಲಿ ಸೋತೆವು. ಅದರ ಹಿಂದಿನದ್ದು 4-1. ಎರಡರಲ್ಲೂ ಮೊದಲ ಗೋಲು ಹೊಡೆದವರು ನಾವೇ. ನಾವು ಹಾಸನ ಮುಟ್ಟೋ ಹೊತ್ತಿಗಾಗಲೇ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹಿಂದೆ ಎಡಗಡೆ ಕಾಯೋ ಲೆಫ್ಟ್ ಬ್ಯಾಕ್ ಹುಡುಗನ ಮೇಲೆ, ಗೋಲ್‌ಕೀಪರ್ ಮೇಲೆ ಮುಗಿಬಿದ್ದಿದ್ದರು. ಆ ಮಾತು ನನಗೆ ಒಪ್ಪಿಗೆ ಇಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದ್ದೀನಿ.

ಬಿದ್ದ ಗೋಲುಗಳನ್ನ ಹಿಂದುಮುಂದಾಗಿ ನೋಡ್ತಾ ಹೋಗಿ. ಗೋಲು ಬಿದ್ದಿದ್ದು ನಮ್ಮ ಸರ್ಕಲ್‌ನಲ್ಲಿ, ಅಂದರೆ ಗೋಲ್ ಮುಂದಿನ ಅರ್ಧವೃತ್ತದಲ್ಲಿ, ಸರಿ. ಬಾಲ್ ಕಳ್ಕೊಂಡಿದ್ದು ಎಲ್ಲಿ? ಮೈಸೂರಿನ ಮೂರನೇ ಗೋಲನ್ನೇ ತಗೊಳ್ಳಿ. ನಮ್ಮ ರೈಟ್ ವಿಂಗ್ ಹುಡುಗ ಅವರ 23 ಮೀಟರ್ ಗೆರೆ ಹತ್ತಿರ ಇಬ್ಬರನ್ನ ದಾಟಿದ, ಚೆನ್ನಾಗೇ ದಾಟಿದ. ಪಾಸ್ ಕೊಡದೆ ಮೂರನೆಯವನನ್ನೂ ಡಾಡ್ಜ್ ಮಾಡೋಕೆ ಹೋದ, ಬಾಲ್ ಹೋಯ್ತು. ಹೋದ ಮೇಲೆ ಅವನು ಅಲ್ಲೇ ನಿಂತ. ಸೊಂಟದ ಮೇಲೆ ಕೈ ಇಟ್ಕೊಂಡು ಅಂಪೈರ್ ಮುಖ ನೋಡ್ತಾ ನಿಂತ. ಅವರ ಲೆಫ್ಟ್ ಹಾಫ್‌ಗೆ, ಅಂದರೆ ನಡುವಿನಲ್ಲಿ ಎಡಗಡೆ ಆಡೋನಿಗೆ, ಯಾರ ಅಡ್ಡಿಯೂ ಇಲ್ಲ. ಆರಾಮಾಗಿ ತಲೆ ಎತ್ತಿ ನೋಡಿ ಸೆಂಟರ್ ಹಾಫ್‌ಗೆ ಕೊಟ್ಟ, ಸೆಂಟರ್ ಹಾಫ್ ಒಂದೇ ಹೊಡೆತಕ್ಕೆ ಬಾಲನ್ನ ನಮ್ಮ ಎಡಗಡೆಗೆ ಕಳಿಸಿದ. ಆ ಹೊತ್ತಿಗೆ ನಮ್ಮ ಲೆಫ್ಟ್ ಹಾಫ್ ಎಲ್ಲಿದ್ದ? ಇನ್ನೂ ಅವರ ಅರ್ಧದಲ್ಲಿ, ನಡ್ಕೊಂಡು ಬರ್ತಿದ್ದ. ಲೆಫ್ಟ್ ಬ್ಯಾಕ್ ಒಬ್ಬನ ಎದುರಿಗೆ ಇಬ್ಬರು. ಒಬ್ಬನ ಮೇಲೆ ಹೋದ, ಅವನು ಪಕ್ಕದವನಿಗೆ ತಳ್ಳಿದ, ಗೋಲು. ಆಮೇಲೆ ಬೈಗುಳ ಯಾರಿಗೆ? ಆ ಲೆಫ್ಟ್ ಬ್ಯಾಕ್‌ಗೆ.

ಇದು ಒಂದು ಗೋಲಿನ ಕಥೆಯಲ್ಲ, ಈ ಸೀಸನ್ ಪೂರ್ತಿ ಹೀಗೇ. ಮುಂದೆ ಬಾಲ್ ಕಳ್ಕೊಂಡವನು ಓಡಲ್ಲ, ನಡುವಿನವರು ಇಳಿಯಲ್ಲ. ತೂಬೇ ಕಿತ್ತುಹೋಗಿರುವಾಗ ಏರಿಗೆ ಮಣ್ಣು ಹೊತ್ತರೆ ಕೆರೆ ನಿಲ್ಲುತ್ತಾ?

ಲೆಫ್ಟ್ ಬ್ಯಾಕ್ ಪರವಾಗಿ ಇನ್ನೊಂದು ಮಾತು. ಆಡದವರಿಗೆ ಇದು ಗೊತ್ತಾಗಲ್ಲ. ಹಾಕಿ ಸ್ಟಿಕ್ ಎಲ್ಲರಿಗೂ ಬಲಗೈಯದೇ, ಎಡಗೈ ಸ್ಟಿಕ್‌ಗೆ ನಿಯಮದಲ್ಲಿ ಜಾಗ ಇಲ್ಲ. ಹಾಗಾಗಿ ರೈಟ್ ಬ್ಯಾಕ್‌ಗೆ ಸೈಡ್‌ಲೈನ್ ತನ್ನ ಫೋರ್‌ಹ್ಯಾಂಡ್ ಕಡೆಗೇ, ಅಂದರೆ ಬಲಗಡೆಗೇ, ಇರುತ್ತೆ. ಬಂದವನನ್ನ ಗೆರೆ ಕಡೆ ಒತ್ತಿಕೊಂಡು ಹೋದರೆ ಅರ್ಧ ಕೆಲಸ ಆಯ್ತು. ಲೆಫ್ಟ್ ಬ್ಯಾಕ್‌ಗೆ ಸೈಡ್‌ಲೈನ್ ರಿವರ್ಸ್ ಕಡೆ, ಅಂದರೆ ಎಡಗಡೆ. ಅಲ್ಲಿ ಅವನ ಸ್ಟಿಕ್‌ಗೆ ಬಲ ಕಡಿಮೆ, ದೂರವೂ ಎಟಕಲ್ಲ. ಆದ್ದರಿಂದ ಅವನು ಸ್ವಲ್ಪ ಹೊರಗೆ ನಿಂತು ಎದುರಾಳಿಯನ್ನ ಒಳಕ್ಕೆ, ತನ್ನ ಫೋರ್‌ಹ್ಯಾಂಡ್ ಕಡೆಗೆ ತರಬೇಕು. ಒಳಕ್ಕೆ ತರಬೇಕು ಅಂದರೆ ಒಳಗೆ ಒಬ್ಬ ಕಾದಿರಬೇಕು. ಆ ಒಬ್ಬ ನಮ್ಮ ತಂಡದಲ್ಲಿ ಅಲ್ಲಿ ಇರೋದೇ ಇಲ್ಲ. ಇದ್ದಿದ್ದರೆ ಇದೇ ಹುಡುಗನನ್ನ ನೀವೇ ಹೊಗಳ್ತಿದ್ದಿರಿ.

ಆಲೂರಿನವ:

ಅಣ್ಣ, ಮೂರನೇ ಗೋಲಿನ ಬಗ್ಗೆ ನೀವು ಹೇಳಿದ್ದು ನಿಜ, ನಾನೂ ಅಲ್ಲೇ ಇದ್ದೆ. ಆದರೆ ಬ್ಯಾಕ್‌ಗಳನ್ನ ಪೂರ್ತಿ ಬಿಟ್ಟುಬಿಡೋಕೆ ನನ್ನ ಮನಸ್ಸು ಒಪ್ಪಲ್ಲ. ಐದರಲ್ಲಿ ಎರಡು ಪೆನಾಲ್ಟಿ ಕಾರ್ನರ್‌ನಿಂದ, ಅಂದರೆ ನಮ್ಮ ತಪ್ಪಿಗೆ ಅವರು ಬೇಸ್‌ಲೈನ್‌ನಿಂದ ಬಾಲ್ ತಳ್ಳಿ ಗೋಲಿಗೆ ಹೊಡೆಯೋ ಅವಕಾಶದಿಂದ, ಬಿದ್ದವು. ಆ ಎರಡು ಕಾರ್ನರ್ ಹೇಗೆ ಸಿಕ್ಕವು? ಎರಡೂ ನಮ್ಮವರ ಕಾಲಿಗೆ ಬಾಲ್ ತಾಗಿ. ಅಲ್ಲಿ ಅಪಾಯವೇ ಇರಲಿಲ್ಲ. ಎದುರಾಳಿ ಬೇಸ್‌ಲೈನ್ ಹತ್ತಿರ, ಗೋಲಿಗೆ ಕೋನವೂ ಸರಿಯಿಲ್ಲ, ಬಾಲ್ ಎಲ್ಲಿಗೆ ಕೊಡಬೇಕು ಅಂತ ಅವನಿಗೇ ಗೊತ್ತಿರಲಿಲ್ಲ. ನಮ್ಮ ಬ್ಯಾಕ್ ಎರಡು ಕಾಲೂ ಜೋಡಿಸಿ ಅವನ ಎದುರು ನೆಟ್ಟಗೆ ನಿಂತ. ಅವನು ಸೀದಾ ಕಾಲಿಗೇ ತಳ್ಳಿದ. ಸರ್ಕಲ್ ಒಳಗೆ ಬೇಕಂತ ಮಾಡದಿದ್ದರೂ ಕಾಲಿಗೆ ತಾಗಿದರೆ ಕಾರ್ನರ್ರೇ. ನಮ್ಮ ಎದುರಾಳಿಗಳೆಲ್ಲ ಅದನ್ನೇ ಹುಡುಕ್ತಿದ್ದಾರೆ.

ಒಂದು ಕಾಲು ಹಿಂದೆ ಇಡು, ಮೈ ಓರೆ ಮಾಡು, ಸ್ಟಿಕ್ ನೆಲಕ್ಕೆ ಮಲಗಿಸು. ಹೈಸ್ಕೂಲಲ್ಲೇ ಹೇಳಿಕೊಡೋ ಪಾಠ ಇದು. ಇದಕ್ಕೆ ಫಾರ್ವರ್ಡ್‌ಗಳು ಏನು ಮಾಡಬೇಕು ಹೇಳಿ?

ಇನ್ನೊಂದು, ನಮ್ಮ ಬ್ಯಾಕ್‌ಗಳಿಗೆ ಕಾಯೋ ತಾಳ್ಮೆ ಇಲ್ಲ. ಎದುರಾಳಿ ಬಂದ ಕೂಡಲೇ ಮೇಲೆ ಬೀಳ್ತಾರೆ. ಸ್ಟಿಕ್ ಮುಂದೆ ಚಾಚಿ ಬಾಲಿಗೆ ಒಂದು ಜ್ಯಾಬ್ ಕೊಟ್ಟು ಹಿಂದೆ ಸರಿಯೋದು, ಮತ್ತೊಂದು ಜ್ಯಾಬ್, ಮತ್ತೆ ಹಿಂದೆ, ಹಾಗೆ ಅವನ ವೇಗ ಇಳಿಸೋದು ಯಾರಿಗೂ ಬರಲ್ಲ.

ಕೊಣನೂರು ಗೋಲಿ:

ನಾನು ಮಹಿಳಾ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದವಳು, ನಮ್ಮ ಗೋಲ್‌ಕೀಪರ್ ಹುಡುಗನ ಬಗ್ಗೆ ಬರೆಯದೆ ಇರೋಕಾಗಲ್ಲ.

ಪಂದ್ಯದ ದಿನ ನಾನು ಗೋಲ್‌ಪೋಸ್ಟ್ ಹಿಂದೆಯೇ ನಿಂತಿದ್ದೆ. ಅವನ ಎಡಗಾಲಿನ ಕಿಕ್ಕರ್‌ಗೆ, ಅಂದರೆ ಶೂ ಮೇಲೆ ಕಟ್ಟೋ ದಪ್ಪ ಪ್ಯಾಡ್‌ಗೆ, ಬೆಲ್ಟ್ ಇಲ್ಲ. ಸೈಕಲ್ ಟ್ಯೂಬ್ ಸೀಳಿ ಕಟ್ಕೊಂಡಿದ್ದಾನೆ. ಪ್ರತಿ ಸಲ ಎಡಗಾಲಲ್ಲಿ ಬಾಲ್ ಒದ್ದ ಮೇಲೆ ಕಿಕ್ಕರ್ ಓರೆಯಾಗುತ್ತೆ, ಅವನು ಬಗ್ಗಿ ಸರಿಮಾಡ್ಕೊತಾನೆ. ನಾಲ್ಕನೇ ಗೋಲು ನೆನಪಿದೆಯಾ? ಮೊದಲ ಹೊಡೆತ ಎಡಗಾಲಲ್ಲೇ ತಡೆದ. ಬಾಲ್ ಪಕ್ಕಕ್ಕೆ ಹೋಗಬೇಕಿತ್ತು. ಕಿಕ್ಕರ್ ತಿರುಗಿದ್ದರಿಂದ ಸೀದಾ ಮುಂದಕ್ಕೆ, ಎದುರಾಳಿಯ ಸ್ಟಿಕ್‌ಗೇ ಹೋಯ್ತು. ಅದನ್ನ ನೋಡಿದ ಮೇಲೂ ಅವನನ್ನ ಬೈಯೋರಿಗೆ ಏನು ಹೇಳಲಿ? ಒಂದು ಕಾಲೇಜು ತಂಡದ ಗೋಲ್‌ಕೀಪರ್‌ಗೆ ಸರಿಯಾದ ಕಿಕ್ಕರ್ ಕೊಡಿಸೋಕೆ ಆಗಲ್ಲ ಅಂದರೆ ತಂಡವನ್ನ ಕಳಿಸೋದಾದರೂ ಯಾಕೆ?

ಆದರೆ ಅವನು ತಿದ್ದಿಕೊಳ್ಳಬೇಕಾದ್ದೂ ಒಂದಿದೆ. ಪ್ರತಿ ಕಾರ್ನರ್‌ಗೂ ಅವನು ಅಡ್ಡ ಮಲಗ್ತಾನೆ. ಎದುರಾಳಿ ಹಿಟ್ ಹೊಡೆಯೋನಾದರೆ ಅದು ಸರಿ. ಮೊದಲ ಹೊಡೆತ ಹಿಟ್ ಆಗಿದ್ದರೆ ಗೋಲ್ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ, ಅಂದರೆ ಹಿಂದಿನ ಹಲಗೆಯ ಎತ್ತರಕ್ಕಿಂತ, ಮೇಲಿರಬಾರದು. ಬಾಲನ್ನ ಸ್ಟಿಕ್‌ನಲ್ಲಿ ಎಳ್ಕೊಂಡು ಎಸೆಯೋ ಡ್ರ್ಯಾಗ್ ಫ್ಲಿಕ್‌ಗೆ ಆ ಮಿತಿ ಇಲ್ಲ. ಗೋಲ್‌ನ ಎತ್ತರ 2.14 ಮೀಟರ್, ಫ್ಲಿಕ್ ಮಾಡೋನಿಗೆ ಅಷ್ಟೂ ತೆರೆದಿರುತ್ತೆ. ಮೈಸೂರಿನವರಲ್ಲಿ ಫ್ಲಿಕ್ ಮಾಡೋ ಹುಡುಗ ಇದ್ದ, ಮೊದಲ ಕಾರ್ನರ್‌ನಲ್ಲೇ ಗೊತ್ತಾಯ್ತು. ಎರಡನೆಯದಕ್ಕೂ ಇವನು ಮಲಗಿದ, ಬಾಲ್ ತಲೆ ಮೇಲಿಂದ ಒಳಗೆ ಹೋಯ್ತು. ಬೆಂಚಿನಿಂದ ಯಾರಾದರೂ ಕೂಗಿ ಹೇಳಬಹುದಿತ್ತು, "ನಿಂತ್ಕೊಳ್ಳೋ, ಮಲಗ್ಬೇಡ" ಅಂತ. ಯಾರೂ ಹೇಳಲಿಲ್ಲ.

ಕಾರ್ನರ್ ಹೊಡೆಯೋನನ್ನ ತಡೆಯೋಕೆ ಗೋಲ್ ಗೆರೆಯಿಂದ ಓಡೋ ರಷರ್ ವಿಷಯಕ್ಕೆ ಬಂದರೆ ಇನ್ನೂ ಹೊಟ್ಟೆ ಉರಿಯುತ್ತೆ. ಕಾರ್ನರ್‌ಗೆ ಗೋಲ್‌ಕೀಪರ್ ಸೇರಿ ಐದೇ ಜನ ಗೆರೆ ಹಿಂದೆ, ಮಿಕ್ಕವರೆಲ್ಲ ಸೆಂಟರ್ ಲೈನ್ ಆಚೆ. ನಮ್ಮ ರಷರ್ ಬಾಲ್ ಬಿಡೋ ಮೊದಲೇ ಓಡಿದ. ಅಂಪೈರ್ ಅವನನ್ನ ಸೆಂಟರ್ ಲೈನ್‌ಗೆ ಕಳಿಸಿದರು, ಬದಲಿಗೆ ಇನ್ನೊಬ್ಬ ಬರೋ ಹಾಗಿಲ್ಲ. ನಾಲ್ಕೇ ಜನ ಉಳಿದರು, ಆ ಕಾರ್ನರ್ರೇ ಗೋಲಾಯ್ತು. ಟೋಕಿಯೊ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಆಸ್ಟ್ರೇಲಿಯಾವನ್ನ 1-0ಯಲ್ಲಿ ಸೋಲಿಸಿದ್ದನ್ನ ಎಲ್ಲರೂ ನೋಡಿದ್ದೀರಿ. ಗೋಲು ಗುರ್ಜಿತ್ ಕೌರ್ ಅವರದ್ದು, ಅದೂ ಕಾರ್ನರ್‌ನಿಂದಲೇ. ನಾನು ಮತ್ತೆ ಮತ್ತೆ ಹಾಕಿಕೊಂಡು ನೋಡೋದು ಮಾತ್ರ ಆಸ್ಟ್ರೇಲಿಯಾಕ್ಕೆ ಸಿಕ್ಕ ಕಾರ್ನರ್‌ಗಳನ್ನ. ಒಂದೂ ಒಳಗೆ ಹೋಗಲಿಲ್ಲ. ನಮ್ಮ ಗೋಲ್‌ಕೀಪರ್ ಸವಿತಾ ಎದುರಿಗೆ ರಷರ್‌ಗಳು ಪ್ರತಿ ಸಲವೂ ಜೀವದ ಹಂಗು ಬಿಟ್ಟು ಓಡಿದರು. ನಮ್ಮ ಹುಡುಗರಿಗೆ ಆ ಪಂದ್ಯ ತೋರಿಸಿ.

ಸೋಮವಾರಪೇಟೆ ಹುಡುಗ:

ಹಾಸನದಲ್ಲಿ ಓದ್ತಿದ್ದೀನಿ, ಬೇರೆ ಕಾಲೇಜು. ಎಲ್ಲ ಓದಿದೆ. ಮೈದಾನದ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ನಿಮ್ಮ ತಂಡ ಅಭ್ಯಾಸ ಮಾಡೋದು ಮಣ್ಣಿನಲ್ಲಿ, ಆಡೋದು ಟರ್ಫ್‌ನಲ್ಲಿ, ಅಂದರೆ ಕೃತಕ ಹಾಸಿನ ಮೈದಾನದಲ್ಲಿ. ಮಣ್ಣಿನಲ್ಲಿ ಬಾಲ್ ಕುಪ್ಪಳಿಸುತ್ತೆ, ಬರೋ ದಾರಿಯಲ್ಲೇ ವೇಗ ಕಳ್ಕೊಳ್ಳುತ್ತೆ. ಹಾಗಾಗಿ ಬ್ಯಾಕ್ ಎದ್ದು ನಿಂತೇ ಆಡಿದರೂ ನಡೆಯುತ್ತೆ. ಸ್ಟಿಕ್ ಪೂರ್ತಿ ಮಲಗಿಸಿ ತಡೆಯೋಕೆ ಹೋದರೆ ಕಲ್ಲಿಗೆ ತಾಗಿ ಬಾಲ್ ಮೇಲೆ ಹಾರಿ ಮುಖಕ್ಕೆ ಬರುತ್ತೆ ಅನ್ನೋ ಭಯ ಬೇರೆ. ಟರ್ಫ್‌ನಲ್ಲಿ ಬಾಲ್ ನೆಲ ಬಿಟ್ಟು ಏಳಲ್ಲ, ಅದೇ ಹೊಡೆತ ಎರಡರಷ್ಟು ಬೇಗ ಬಂದ ಹಾಗೆ ಅನಿಸುತ್ತೆ. ಮೊಣಕಾಲು ಬಗ್ಗಿಸಿ, ಸ್ಟಿಕ್ ನೆಲದಲ್ಲೇ ಇಟ್ಕೊಂಡು ಓಡಬೇಕು. ಆ ಅಭ್ಯಾಸ ಇಲ್ಲದವನು ಎರಡನೇ ಕ್ವಾರ್ಟರ್ ಹೊತ್ತಿಗೆ ಸೊಂಟ ಹಿಡ್ಕೊತಾನೆ. ಆಲೂರಿನ ಅಣ್ಣ ಹೇಳಿದ ಕಾಲಿನ ತಪ್ಪೂ ಇದರಿಂದಲೇ ಬರೋದು. ಮಣ್ಣಿನಲ್ಲಿ ಕಾಲು ಅಡ್ಡ ಇಡೋದು ಎಲ್ಲರಿಗೂ ರೂಢಿ, ಸ್ಟಿಕ್ ತಪ್ಪಿದರೆ ಕಾಲಾದರೂ ಇರಲಿ ಅಂತ.

ದೇಶಕ್ಕೇ ಆದ ಕಥೆ ಇದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಟರ್ಫ್ ಹಾಸಿದರು. ಅಷ್ಟು ಚಿನ್ನ ಗೆದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಬಂತು.

ನಮ್ಮ ಕಡೆ ಪೊನ್ನಂಪೇಟೆ, ಸೋಮವಾರಪೇಟೆಯಂಥ ಊರಲ್ಲೂ ಟರ್ಫ್ ಇದೆ. ಚಿಕ್ಕ ಹುಡುಗರೂ ಅದರ ಮೇಲೇ ಓಡಾಡ್ತಾರೆ. ಅದಕ್ಕೂ ಹೆಚ್ಚಾಗಿ, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಇದೆ. ಅಲ್ಲಿ ಒಂದೇ ತಂಡದಲ್ಲಿ ಅಜ್ಜನೂ ಮೊಮ್ಮಗಳೂ ಆಡ್ತಾರೆ. ಹಿಂದೆ ಯಾರು ನಿಲ್ಲಬೇಕು, ಯಾರು ಮಾರ್ಕ್ ಮಾಡಬೇಕು ಅನ್ನೋ ಮಾತು ಊಟದ ಹೊತ್ತಲ್ಲೇ ಕಿವಿಗೆ ಬೀಳುತ್ತೆ. ಹಾಸನದಿಂದ ನಮ್ಮೂರು ಎಷ್ಟು ದೂರ? ಸೀಸನ್ ಶುರುವಾಗೋ ಮೊದಲು ಒಂದು ವಾರ ತಂಡವನ್ನ ಕರ್ಕೊಂಡು ಬಂದು ಟರ್ಫ್‌ನಲ್ಲಿ ಆಡಿಸಿ. ಅಭ್ಯಾಸ ಪಂದ್ಯಕ್ಕೆ ಹುಡುಗರನ್ನ ನಾನು ಸೇರಿಸ್ತೀನಿ.

ನಿವೃತ್ತ ಪಿ.ಇ. ಮೇಷ್ಟ್ರು:

ಮಕ್ಕಳೇ, ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನ್ನದೂ ಎರಡು ಮಾತು ಇರಲಿ.

ನಾನು ಕಲಿಸೋಕೆ ಬಂದ ಕಾಲದಲ್ಲಿ ಐದು ಫಾರ್ವರ್ಡ್, ಮೂರು ಹಾಫ್, ಎರಡು ಬ್ಯಾಕ್. ಫಾರ್ವರ್ಡ್ ಹಿಂದೆ ಬಂದರೆ ನಾವೇ ಗದರಿಸ್ತಿದ್ದೆವು. ಆಗ ಆಫ್‌ಸೈಡ್ ಇತ್ತು. ಬ್ಯಾಕ್‌ಗಳು ಮುಂದೆ ಬಂದು ನಿಂತರೆ ಎದುರಾಳಿಯೂ ಮುಂದೆಯೇ ನಿಲ್ಲಬೇಕಿತ್ತು. 1990ರ ದಶಕದಲ್ಲಿ ಆಫ್‌ಸೈಡ್ ತೆಗೆದುಹಾಕಿದರು. ಅಂದಿನಿಂದ ಎದುರಾಳಿ ಒಬ್ಬನನ್ನ ನಮ್ಮ ಗೋಲ್‌ಕೀಪರ್ ಪಕ್ಕದಲ್ಲೇ ನಿಲ್ಲಿಸಬಹುದು, ಯಾರೂ ಕೇಳೋ ಹಾಗಿಲ್ಲ. 2009ರಿಂದ ಸೆಲ್ಫ್ ಪಾಸ್ ಬಂತು, ಫ್ರೀ ಹಿಟ್ ಸಿಕ್ಕವನು ಯಾರಿಗೂ ಕೊಡದೆ ತಾನೇ ತಗೊಂಡು ಓಡಬಹುದು. ಈ ಎರಡು ಬದಲಾವಣೆ ಆದ ಮೇಲೆ "ನನ್ನ ಕೆಲಸ ಮುಂದೆ, ನಿನ್ನ ಕೆಲಸ ಹಿಂದೆ" ಅನ್ನೋದು ಹೊರಟುಹೋಯ್ತು. ನಮ್ಮ ತಂಡದ ಫಾರ್ವರ್ಡ್‌ಗಳು ಫೌಲ್ ಆದ ಕೂಡಲೇ ಬೆನ್ನು ತಿರುಗಿಸಿ ನಡೀತಾರೆ. ಅವರು ತಿರುಗಿ ನೋಡೋ ಹೊತ್ತಿಗೆ ಎದುರಾಳಿ ಸೆಲ್ಫ್ ಪಾಸ್ ತಗೊಂಡು ಹತ್ತು ಹೆಜ್ಜೆ ಮುಂದೆ ಹೋಗಿರ್ತಾನೆ. ಮೊದಲು ಬಾಲ್ ಎದುರು ಐದು ಮೀಟರ್ ದೂರದಲ್ಲಿ ನಿಲ್ಲು, ಮಾತೆಲ್ಲ ಆಮೇಲೆ.

ಹಿಂದೆ ಒಬ್ಬ ಫ್ರೀ ಬ್ಯಾಕ್ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ಮಿಕ್ಕವರು ಮ್ಯಾನ್ ಟು ಮ್ಯಾನ್ ಹಿಡೀಲಿ, ಒಬ್ಬ ಮಾತ್ರ ಯಾರನ್ನೂ ಹಿಡಿಯದೆ ಎಲ್ಲರ ಹಿಂದೆ ಇರಲಿ. ಹಳೆಯ ಪದ್ಧತಿ ಅಂತ ನಗಬೇಡಿ. ಕಾಲೇಜು ಮಟ್ಟದಲ್ಲಿ ಅದು ಇವತ್ತಿಗೂ ಉಳಿಸುತ್ತೆ.

ಆರನೇ ಸೆಮ್:

ನಾನು ತಂಡದಲ್ಲಿದ್ದೀನಿ. ಯಾವ ಜಾಗ ಅಂತ ಹೇಳಲ್ಲ.

ಫಾರ್ವರ್ಡ್‌ಗಳು ಇಳಿಯಲ್ಲ ಅಂತೀರಿ. ಇಳಿಯಬೇಕು ಅಂತ ನಮಗೂ ಗೊತ್ತು. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನ ಬದಲಿಸಬಹುದು. ಬೇರೆ ತಂಡದವರು ಫಾರ್ವರ್ಡ್‌ನ ಐದಾರು ನಿಮಿಷ ಪೂರ್ತಿ ಓಡಿಸ್ತಾರೆ, ಹೊರಗೆ ಕರೀತಾರೆ, ದಣಿವಾರಿದ ಮೇಲೆ ಮತ್ತೆ ಬಿಡ್ತಾರೆ. ನಮ್ಮ ಬೆಂಚಿನಲ್ಲಿ ಮೈಸೂರಿಗೆ ಬಂದಿದ್ದು ಇಬ್ಬರೇ, ಅದರಲ್ಲಿ ಒಬ್ಬನಿಗೆ ಹಿಮ್ಮಡಿ ನೋವು. ಉಳಿದವರಿಗೆ ಲ್ಯಾಬ್ ಇಂಟರ್ನಲ್ಸ್ ಇತ್ತು, ಹಾಜರಾತಿ ಕೊಡಲ್ಲ ಅಂದರು. ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್ ಒಬ್ಬನೇ ರೈಟ್ ವಿಂಗ್ ಓಡಬೇಕು ಅಂದರೆ, ಬಾಲ್ ಕಳ್ಕೊಂಡಾಗ ಕಾಲು ಏಳಲ್ಲ ಸಾರ್. ಅಂಪೈರ್ ಮುಖ ನೋಡಿದ ಅಂತ ಬರೆದಿದ್ದೀರಿ. ಅವನು ಉಸಿರು ತಗೊಳ್ತಿದ್ದ.

ಅಭ್ಯಾಸದ ವಿಷಯವನ್ನೂ ಹೇಳಬೇಕು. ಹಾಸನಾಂಬೆ ದರ್ಶನದ ದಿನಗಳಲ್ಲಿ ಊರೊಳಗೆ ಗಾಡಿ ಓಡಾಡೋದೇ ಕಷ್ಟ, ಹಳ್ಳಿಯಿಂದ ಬರೋ ಹುಡುಗರು ಸಂಜೆ ನಿಲ್ಲೋಕಾಗಲಿಲ್ಲ. ಅದಕ್ಕೆ ಯಾರನ್ನೂ ದೂರಲ್ಲ, ದೇವಿ ಬಾಗಿಲು ತೆಗೆಯೋದು ವರ್ಷಕ್ಕೊಂದೇ ಸಲ. ಆದರೆ ಅದು ಮುಗಿದ ಮೇಲೆ ನಮ್ಮ ಮೈದಾನದಲ್ಲಿ ಶಾಮಿಯಾನ ಹಾಕಿದರು. ತೆಗೆದ ಮೇಲೂ ಗೂಟದ ಗುಂಡಿ ಮುಚ್ಚಲಿಲ್ಲ. ನಮ್ಮ ಸರ್ಕಲ್ ಇರೋ ಕಡೆಗೇ ಗುಂಡಿಗಳು. ಕಾರ್ನರ್ ಡಿಫೆನ್ಸ್ ಎಲ್ಲಿ ಮಾಡೋದು? ರಷರ್ ಮೊದಲೇ ಓಡಿದ ಅಂತೀರಿ. ಈ ಸೀಸನ್‌ನಲ್ಲಿ ಒಂದು ದಿನವೂ ನಾವು ಪೂರ್ತಿ ಐದು ಜನ ನಿಂತು ಕಾರ್ನರ್ ಅಭ್ಯಾಸ ಮಾಡಿಲ್ಲ.

ಲೆಫ್ಟ್ ಬ್ಯಾಕ್ ಮೂರು ದಿನದಿಂದ ಗ್ರೌಂಡಿಗೆ ಬಂದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದನ್ನ ಯಾರೋ ಅವನಿಗೆ ತೋರಿಸಿದ್ದಾರೆ.

ಹಳೇ ರೈಟ್‌ಹಾಫ್:

ತಮ್ಮಾ, ಬೆಂಚಿನ ವಿಷಯ ನೀನು ಹೇಳದಿದ್ದರೆ ಇಲ್ಲಿ ಯಾರಿಗೂ ಗೊತ್ತಾಗ್ತಿರಲಿಲ್ಲ. ಇಬ್ಬರೇ ಬದಲಿ ಆಟಗಾರರನ್ನ ಇಟ್ಕೊಂಡು ಟರ್ಫ್‌ನಲ್ಲಿ ಪಂದ್ಯ ಆಡಿಸೋದು ಅನ್ಯಾಯ. ಹಾಜರಾತಿ ವಿಷಯಕ್ಕೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಪ್ರಾಂಶುಪಾಲರಿಗೆ ಒಂದು ಪತ್ರ ಕೊಡೋಣ, ನಾನೇ ಬರೀತೀನಿ. ಲೆಫ್ಟ್ ಬ್ಯಾಕ್ ಹುಡುಗನ ಮನೆ ಅರಸೀಕೆರೆ ಕಡೆ ಅಂತ ಕೇಳಿದ್ದೆ. ಅವನ ಹತ್ತಿರ ಯಾರಾದರೂ ಹೋಗಿ ಮಾತಾಡಿ. ಫೋನಲ್ಲಿ ಬೇಡ, ಎದುರಿಗೆ ಕೂತು ಮಾತಾಡಿ.

ಆದರೂ ನನ್ನ ಮಾತನ್ನ ನಾನು ಬಿಡಲ್ಲ. ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ಎದುರು 17ನೇ ನಿಮಿಷಕ್ಕೇ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಬಿತ್ತು. ಭಾರತ ತಂಡದ ಮುಖ್ಯ ಡಿಫೆಂಡರ್, ಕಾರ್ನರ್‌ಗೆ ಮೊದಲು ಓಡೋನು. ಉಳಿದ ಪಂದ್ಯ ಪೂರ್ತಿ ಹತ್ತೇ ಜನ. ಆದರೂ 1-1ರಲ್ಲಿ ನಿಲ್ಲಿಸಿದರು, ಶೂಟೌಟ್ 4-2ರಲ್ಲಿ ಗೆದ್ದರು. ಗೋಲ್‌ಕೀಪರ್ ಶ್ರೀಜೇಶ್ ಹೆಸರು ಎಲ್ಲರೂ ಹೇಳ್ತಾರೆ, ಹೇಳಲೇಬೇಕು. ಆದರೆ ಆ ಪಂದ್ಯ ಮತ್ತೆ ಹಾಕಿ ನೋಡುವಾಗ ಬಾಲ್ ಬಿಟ್ಟು ನಮ್ಮ ಫಾರ್ವರ್ಡ್‌ಗಳನ್ನ ಮಾತ್ರ ನೋಡಿ. ಅವರು ನಮ್ಮ ಸರ್ಕಲ್‌ವರೆಗೆ ಇಳಿದು ನಿಂತಿರ್ತಾರೆ.

ನಾನು ಕೇಳ್ತಿರೋದು ಅಷ್ಟು ದೊಡ್ಡದಲ್ಲ. ಬಾಲ್ ಕಳ್ಕೊಂಡವನು ಐದು ಸೆಕೆಂಡ್ ಮಾತ್ರ ಅದರ ಹಿಂದೆ ಓಡಲಿ. ಕಿತ್ಕೊಳ್ಳೋದೇನೂ ಬೇಡ. ಎದುರಾಳಿ ತಲೆ ಎತ್ತಿ ಆ ಉದ್ದದ ಪಾಸ್ ನೋಡದ ಹಾಗೆ ಮಾಡಿದರೆ ಸಾಕು. ಆ ಐದು ಸೆಕೆಂಡ್‌ನಲ್ಲಿ ಲೆಫ್ಟ್ ಹಾಫ್ ತನ್ನ ಜಾಗಕ್ಕೆ ಬರ್ತಾನೆ. ಆಮೇಲೆ ದಣಿದವನು ನಡೀಲಿ, ಯಾರು ಬೇಡ ಅಂತಾರೆ? ಇಬ್ಬರೇ ಬದಲಿ ಇರುವಾಗಂತೂ ಇದೊಂದನ್ನೇ ಹಿಡ್ಕೊಂಡರೆ ಎಷ್ಟೋ ಗೋಲು ತಪ್ಪುತ್ತೆ.

ಮೇಷ್ಟ್ರೇ, ಫ್ರೀ ಬ್ಯಾಕ್ ವಿಷಯದಲ್ಲಿ ನಿಮಗೆ ಎದುರು ಮಾತಾಡೋಕೆ ಸಂಕೋಚ. ಆದರೂ ಹೇಳ್ತೀನಿ. ಒಬ್ಬನನ್ನ ಹಿಂದೆ ಬಿಟ್ಟರೆ ನಡುವಿನಲ್ಲಿ ಒಬ್ಬ ಕಡಿಮೆ ಆಗ್ತಾನೆ. ನಮಗೆ ಬಾಲ್ ಹೋಗ್ತಿರೋದೇ ನಡುವಿನಲ್ಲಿ.

ನಿವೃತ್ತ ಪಿ.ಇ. ಮೇಷ್ಟ್ರು:

ಸಂಕೋಚ ಯಾಕಪ್ಪ, ಹೇಳು. ನಡುವಿನಲ್ಲಿ ಒಬ್ಬ ಕಡಿಮೆಯಾದರೆ ಅವರ ಪಾಸ್ ಬರುತ್ತೆ, ಒಪ್ಪಿದೆ. ಆದರೆ ಬಂದ ಪಾಸ್ ತಗೊಂಡವನ ಎದುರಿಗೆ ನಮ್ಮವರು ಇಬ್ಬರಿರ್ತಾರೆ. ಈಗ ನಮ್ಮವನು ಒಬ್ಬ, ಅವರು ಇಬ್ಬರು. ನಿನ್ನ ಐದು ಸೆಕೆಂಡ್ ನನಗೂ ಹಿಡಿಸಿತು, ಅದನ್ನೂ ಮಾಡಿಸೋಣ. ಆದರೆ ದಣಿದ ಹುಡುಗ ಕೊನೆಯ ಕ್ವಾರ್ಟರ್‌ನಲ್ಲಿ ಆ ಐದು ಸೆಕೆಂಡ್ ಓಡ್ತಾನೆ ಅಂತ ನೆಚ್ಚಿಕೊಂಡು ಕೂರೋಕೆ ನಾನು ತಯಾರಿಲ್ಲ.

ಆಲೂರಿನವ:

ಎರಡನ್ನೂ ಮೈದಾನದಲ್ಲೇ ನೋಡಿಬಿಡೋಣ ಸಾರ್. ಭಾನುವಾರ ಬೆಳಿಗ್ಗೆ ನಾನು ಗುದ್ದಲಿ ತಗೊಂಡು ಬರ್ತೀನಿ, ಗುಂಡಿ ಮುಚ್ಚೋಕೆ ಇನ್ನಿಬ್ಬರು ಬಂದರೆ ಸಾಕು. ಆಮೇಲೆ ಕಾಲಿನ ಅಭ್ಯಾಸವನ್ನ ನಾನೇ ಮಾಡಿಸ್ತೀನಿ. ಒಂದು ಕಾಲು ಹಿಂದೆ, ಸ್ಟಿಕ್ ಕೆಳಗೆ, ಅದೊಂದನ್ನೇ ಅರ್ಧ ಗಂಟೆ.

ಸೋಮವಾರಪೇಟೆ ಹುಡುಗ:

ನಮ್ಮ ಹಾಸ್ಟೆಲ್‌ನಲ್ಲಿ ಫ್ಲಿಕ್ ಮಾಡೋ ಹುಡುಗ ಒಬ್ಬ ಇದ್ದಾನೆ, ಅವನನ್ನ ಕರ್ಕೊಂಡು ಬರ್ತೀನಿ. ಕಾರ್ನರ್‌ಗೆ ಬೇಸ್‌ಲೈನ್‌ನಿಂದ ಬಾಲ್ ಇಂಜೆಕ್ಟ್ ಮಾಡೋಕೆ ನಾನಿದ್ದೀನಿ.

ಕೊಣನೂರು ಗೋಲಿ:

ಹಾಗಾದರೆ ನಾನೂ ಬರ್ತೀನಿ. ನನ್ನ ಹಳೇ ಕಿಕ್ಕರ್ ಜೋಡಿ ಮನೆಯಲ್ಲೇ ಇದೆ, ಬೆಲ್ಟ್ ಗಟ್ಟಿಯಾಗಿದೆ. ಆ ಹುಡುಗನ ಕಾಲಿನ ಅಳತೆ ಎಷ್ಟು ಅಂತ ಯಾರಾದರೂ ಕೇಳಿ ಹೇಳಿ. ಮತ್ತೆ ಒಂದು ವಿಷಯ, ಮುಖಕ್ಕೆ ಮಾಸ್ಕ್ ಇಲ್ಲದೆ ರಷರ್‌ನ ಫ್ಲಿಕ್ ಎದುರು ಓಡಿಸಬೇಡಿ. ಅಭ್ಯಾಸವೇ ಆಗಿರಲಿ, ಬೇಡ. ಎಷ್ಟು ಮಾಸ್ಕ್ ಇವೆ ನಿಮ್ಮ ಹತ್ತಿರ?

ಆರನೇ ಸೆಮ್:

ಎರಡಿವೆ ಅಕ್ಕ. ಕಾರ್ನರ್‌ಗೆ ನಾಲ್ಕು ಬೇಕು. ಇನ್ನೆರಡನ್ನ ಮಹಿಳಾ ತಂಡದವರ ಹತ್ತಿರ ಕೇಳಿದ್ದೀನಿ, ಶನಿವಾರ ಸಂಜೆ ಕೊಡ್ತೀವಿ ಅಂದಿದ್ದಾರೆ. ಗೋಲ್‌ಕೀಪರ್ ಕಾಲು ಎಂಟು ನಂಬರ್. ನಾವೆಲ್ಲ ಆರೂವರೆಗೆ ಗ್ರೌಂಡಲ್ಲಿ ಇರ್ತೀವಿ, ಫಾರ್ವರ್ಡ್‌ಗಳೂ ಸೇರಿ. ಲೆಫ್ಟ್ ಬ್ಯಾಕ್ ಹತ್ತಿರ ನಾಳೆ ನಾನೂ ಕ್ಯಾಪ್ಟನ್ನೂ ಹೋಗ್ತಿದ್ದೀವಿ.